ಎರಡಾಣೆಯ ಠೇವಣಿ, ಅಟ್ಟದ ಮೇಲಿನ ಅಡಿಕೆ

ಬ್ಯಾಂಕು ಎಂಬುದು ಹಣವಿದ್ದವರ ವ್ಯವಹಾರ ಎಂದು ಜನ ನಂಬಿದ್ದ ಕಾಲವೊಂದಿತ್ತು. ಆ ನಂಬಿಕೆಯನ್ನು ಬದಲಿಸಿದ್ದರಲ್ಲಿ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಪಾಲು ದೊಡ್ಡದು. ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಅವರು 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದು ಲೆಕ್ಕ ಬರೆದುಕೊಳ್ಳುವ ಯೋಜನೆ ಅದು. ದಿನಕ್ಕೆ 2 ಆಣೆ ಎಂದರೆ ತಿಂಗಳಿಗೆ 3 ರೂಪಾಯಿ 12 ಆಣೆ, ವರ್ಷಕ್ಕೆ 45 ರೂಪಾಯಿ 10 ಆಣೆ. ಬೆಳಿಗ್ಗೆ ದುಡಿದದ್ದು ಸಂಜೆಗೆ ಖರ್ಚಾಗುವ ಮನೆಗಳಲ್ಲಿ ವರ್ಷದ ಕೊನೆಗೆ ಇಷ್ಟು ಹಣ ಒಟ್ಟಿಗೆ ಕೈಗೆ ಬರುವುದು ಸಣ್ಣ ಸಂಗತಿಯಾಗಿರಲಿಲ್ಲ.

ಈ ಜಿಲ್ಲೆಯ ಬ್ಯಾಂಕುಗಳ ಚರಿತ್ರೆಯೇ ಸಣ್ಣ ಮೊತ್ತಗಳ ಚರಿತ್ರೆ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳ್ತನದಲ್ಲಿ ಆರಂಭವಾದ ಸಂಸ್ಥೆ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎನಿಸಿತು. ಮೊದಲ ದಿನದ ಕೊನೆಗೆ ಅದರಲ್ಲಿದ್ದುದು 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷದ ಜುಲೈಯಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನಲ್ಲಿ ಆರಂಭಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಇಂದಿನ ಕೆನರಾ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಇದೇ ನೆಲದಲ್ಲಿ ಹುಟ್ಟಿದವು.

ಪುತ್ತೂರಿನ ಕತೆ ಇದಕ್ಕಿಂತ ಸ್ವಲ್ಪ ಬೇರೆ. ಇಲ್ಲಿ ಬೇರೂರಿದ್ದು ಸಹಕಾರ ಚಳವಳಿ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಕೆಲವೇ ವರ್ಷಗಳಲ್ಲಿ, ಪುತ್ತೂರಿನ ವಕೀಲರಾಗಿದ್ದ ಮೊಳಹಳ್ಳಿ ಶಿವರಾವ್ ಅವರು ಊರಿನವರನ್ನು ಸೇರಿಸಿ ಸಹಕಾರಿ ಸಂಸ್ಥೆಗಳನ್ನು ಕಟ್ಟಲು ತೊಡಗಿದರು. ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಆರಂಭವಾದದ್ದು ಪುತ್ತೂರಿನಲ್ಲೇ. ಶಿವರಾವ್ ಅವರನ್ನು ಜಿಲ್ಲೆಯ ಸಹಕಾರಿ ಪಿತಾಮಹ ಎಂದು ಜನ ಇಂದಿಗೂ ನೆನೆಯುತ್ತಾರೆ. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಬೇಕು, ರೈತರ ಉಳಿತಾಯ ರೈತರಿಗೇ ಸಾಲವಾಗಿ ಸಿಗಬೇಕು ಎಂಬುದು ಆ ಚಳವಳಿಯ ತಿರುಳು.

ಹೀಗೆ ಕೂಡಿಡುವುದನ್ನು ಈ ಸೀಮೆಯ ಜನ ನೂರು ವರ್ಷಗಳ ಹಿಂದೆಯೇ ಕಲಿತರು. ಆದರೆ ಕೂಡಿಡುವುದು ಬೇರೆ, ಕೂಡಿಟ್ಟದ್ದನ್ನು ಹೂಡುವುದು ಬೇರೆ. ಎಷ್ಟು ಬಡ್ಡಿ ಬರುತ್ತದೆ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಹಣ ಯಾರ ಕೈಯಲ್ಲಿದೆ, ಬೇಕಾದಾಗ ಬರುತ್ತದೆಯೇ, ನಮ್ಮ ಉಳಿದ ಆದಾಯಕ್ಕೆ ಪೆಟ್ಟು ಬಿದ್ದಾಗ ಇದಕ್ಕೂ ಪೆಟ್ಟು ಬೀಳುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಸಣ್ಣ ಹೂಡಿಕೆದಾರನಿಗೆ ಮುಖ್ಯವಾಗಿ ಬೇಕಾದವು ಈ ಮೂರು.

ಅಟ್ಟವೇ ಬ್ಯಾಂಕು

ಪುತ್ತೂರು, ಸುಳ್ಯ ಮತ್ತು ಮೊದಲು ಪುತ್ತೂರಿಗೆ ಸೇರಿದ್ದು ಈಗ ಬೇರೆ ತಾಲ್ಲೂಕಾಗಿರುವ ಕಡಬದ ಕೃಷಿಕರಿಗೆ ಹೂಡಿಕೆಯ ತತ್ವ ಹೊಸದೇನೂ ಅಲ್ಲ. ಅಡಿಕೆ ಸಸಿ ನೆಟ್ಟವನು ಫಸಲಿಗೆ ಐದಾರು ವರ್ಷ ಕಾಯುತ್ತಾನೆ. ಕೊಯ್ದ ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸಿ, ಸುಲಿದು, ಚಾಲಿಯನ್ನು ಗೋಣಿಯಲ್ಲಿ ತುಂಬಿ ಇಡುತ್ತಾನೆ. ಎಲ್ಲವನ್ನೂ ಒಮ್ಮೆಗೇ ಮಾರುವುದಿಲ್ಲ. ಮಕ್ಕಳ ಶಾಲೆಯ ಫೀಸಿಗೆ ಒಂದಿಷ್ಟು, ಗೊಬ್ಬರಕ್ಕೆ ಒಂದಿಷ್ಟು, ಮದುವೆಯಿದ್ದರೆ ಇನ್ನೊಂದಿಷ್ಟು ಹೀಗೆ ಬೇಕಾದಾಗ ಮಾರುತ್ತಾನೆ. ಹೊಸ ಅಡಿಕೆ ಹಳತಾದಂತೆ ಅದಕ್ಕೆ ಸಾಮಾನ್ಯವಾಗಿ ಹೆಚ್ಚಿನ ಧಾರಣೆ ಸಿಗುವುದರಿಂದ ಕಾಯುವುದಕ್ಕೂ ಪ್ರತಿಫಲವಿದೆ.

ಹಣಕಾಸಿನ ಭಾಷೆಯಲ್ಲಿ ಹೇಳುವುದಾದರೆ ಅಟ್ಟದ ಮೇಲಿನ ಅಡಿಕೆ ಒಂದು ಹೂಡಿಕೆ. ಮಾರುಕಟ್ಟೆ ತೆರೆದ ದಿನವೇ ಅದು ಹಣವಾಗುತ್ತದೆ, ಬೆಲೆ ಏರಿದರೆ ಬೆಳೆಯುತ್ತದೆ. ಆದರೆ ಅದರ ಭದ್ರತೆ ಧಾರಣೆಯ ಕೈಯಲ್ಲಿದೆ. ಹಣ ಬೇಕಾದ ವಾರವೇ ಧಾರಣೆ ಕುಸಿದಿದ್ದರೆ ನಷ್ಟದಲ್ಲೇ ಮಾರಬೇಕಾಗುತ್ತದೆ. ಭದ್ರತೆ, ಬೇಕಾದಾಗ ಕೈಗೆ ಬರುವ ಅನುಕೂಲ ಮತ್ತು ಬೆಳವಣಿಗೆ ಈ ಮೂರೂ ಪೂರ್ಣವಾಗಿ ಒಂದೇ ಕಡೆ ಸಿಗುವುದಿಲ್ಲ. ಒಂದು ಹೆಚ್ಚಾದರೆ ಮತ್ತೊಂದು ತುಸು ಕಡಿಮೆಯಾಗುತ್ತದೆ. ಆದ್ದರಿಂದ ಯಾವ ಹಣ ಯಾವ ಕೆಲಸಕ್ಕೆ ಎಂದು ಮೊದಲೇ ಬೇರ್ಪಡಿಸಿಕೊಳ್ಳಬೇಕಾಗುತ್ತದೆ.

ತೋಟವಿಲ್ಲದವರ ಲೆಕ್ಕ ಇನ್ನೂ ಬಿಗಿಯಾದದ್ದು. ಬೀಡಿ ಕಟ್ಟುವ ಮಹಿಳೆಗೆ, ರಬ್ಬರ್ ಟ್ಯಾಪಿಂಗ್ ಮಾಡುವವನಿಗೆ, ಅಡಿಕೆ ಮರವೇರಿ ಕೊಯ್ಯುವವನಿಗೆ ಆದಾಯ ದಿನದ ಅಥವಾ ವಾರದ ಲೆಕ್ಕದಲ್ಲಿ ಬರುತ್ತದೆ. ಮಳೆಗಾಲದಲ್ಲಿ ಟ್ಯಾಪಿಂಗ್ ನಿಲ್ಲಬಹುದು, ಕೊಯ್ಲು ಮುಗಿದ ಮೇಲೆ ಕೆಲಸ ಕಡಿಮೆಯಾಗಬಹುದು. ಕೃಷಿಕನಿಗೆ ಒಟ್ಟಿಗೆ ಬಂದ ಹಣವನ್ನು ವರ್ಷವಿಡೀ ಹಂಚುವುದು ಕಷ್ಟ, ಕೂಲಿಕಾರನಿಗೆ ಚೂರುಚೂರಾಗಿ ಬಂದ ಹಣವನ್ನು ಒಟ್ಟು ಮಾಡುವುದು ಕಷ್ಟ. ಪಿಗ್ಮಿ ಠೇವಣಿಯಂಥ ಕ್ರಮ ಹುಟ್ಟಿದ್ದು ಈ ಎರಡನೆಯ ಕಷ್ಟಕ್ಕೆ ಉತ್ತರವಾಗಿ.

ಹೂಡಿಕೆಗೆ ಮುಂಚೆ

ಹೂಡಿಕೆಗೆ ಇಳಿಯುವ ಮೊದಲು ಮೂರು ಕೆಲಸಗಳಿವೆ. ಮೊದಲನೆಯದು ದುಬಾರಿ ಸಾಲವನ್ನು ತೀರಿಸುವುದು. ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ ಎಂದರೆ ಕೇಳಲು ಚಿಕ್ಕದು, ವರ್ಷಕ್ಕೆ ಅದು ಶೇ. 36. ಅಂಥ ಸಾಲವಿದ್ದವನು ಶೇ. 7ರ ಠೇವಣಿಯಲ್ಲಿ ಹಣವಿಟ್ಟರೆ ಪ್ರತಿ ನೂರು ರೂಪಾಯಿಗೆ ವರ್ಷಕ್ಕೆ 29 ರೂಪಾಯಿ ಕಳೆದುಕೊಂಡಂತೆ. ಅವನ ಪಾಲಿಗೆ ಸಾಲ ತೀರಿಸುವುದಕ್ಕಿಂತ ಲಾಭದ ಹೂಡಿಕೆ ಬೇರೆ ಇಲ್ಲ.

ಎರಡನೆಯದು ಆಪತ್ತಿನ ಹಣ. ಮೂರು ತಿಂಗಳ ಮನೆಖರ್ಚಿನಷ್ಟು ಮೊತ್ತವನ್ನು ಉಳಿತಾಯ ಖಾತೆಯಲ್ಲೋ ಸುಲಭವಾಗಿ ಮುರಿಯಬಹುದಾದ ಠೇವಣಿಯಲ್ಲೋ ಇಡಬೇಕು. ಇಲ್ಲಿ ಬಡ್ಡಿ ಮುಖ್ಯವಲ್ಲ. ಆಸ್ಪತ್ರೆಗೆ ಹೋಗಬೇಕಾದ ರಾತ್ರಿ ಸಾಲಕ್ಕೆ ಕೈಚಾಚದೆ ಇರುವುದೇ ಇದರ ಲಾಭ. ಈ ಹಣವಿಲ್ಲದವರು ಉಳಿದ ಹೂಡಿಕೆಗಳನ್ನು ಅರ್ಧದಲ್ಲೇ ಮುರಿಯಬೇಕಾಗುತ್ತದೆ. ಪಿಗ್ಮಿಯಾಗಲಿ ನಿಶ್ಚಿತ ಠೇವಣಿಯಾಗಲಿ ಅವಧಿಗೆ ಮೊದಲೇ ತೆಗೆದರೆ ಬಡ್ಡಿ ಕಡಿಮೆಯಾಗುತ್ತದೆ, ಕೆಲವೆಡೆ ಬಡ್ಡಿಯೇ ಸಿಗುವುದಿಲ್ಲ.

ಮೂರನೆಯದು ವಿಮೆ. ಮರವೇರುವವನ ಮನೆ ನಡೆಯುವುದು ಅವನ ಕೈಕಾಲುಗಳ ಬಲದಿಂದ. ಕೇಂದ್ರ ಸರ್ಕಾರ 2015ರಲ್ಲಿ ತಂದ ಪ್ರಧಾನಮಂತ್ರಿ ಸುರಕ್ಷಾ ವಿಮೆಯಲ್ಲಿ ಅಪಘಾತದಿಂದ ಸಾವು ಅಥವಾ ಪೂರ್ಣ ಅಂಗವೈಕಲ್ಯ ಉಂಟಾದರೆ 2 ಲಕ್ಷ ರೂಪಾಯಿ ಪರಿಹಾರವಿದೆ. 2022ರ ಜೂನ್‌ನಲ್ಲಿ ಇದರ ವಾರ್ಷಿಕ ಕಂತನ್ನು 12ರಿಂದ 20 ರೂಪಾಯಿಗೆ ಏರಿಸಲಾಯಿತು. ವಿಮೆಯನ್ನು ವಿಮೆಯಾಗಿಯೇ ಕೊಳ್ಳಬೇಕು. ಇಪ್ಪತ್ತು ವರ್ಷ ಕಂತು ಕಟ್ಟಿದರೆ ದೊಡ್ಡ ಮೊತ್ತ ಎಂದು ಹೇಳಿ ಮಾರುವ ಪಾಲಿಸಿಗಳಲ್ಲಿ ರಕ್ಷಣೆಯೂ ಕಡಿಮೆ, ಬೆಳವಣಿಗೆಯೂ ಕಡಿಮೆ ಆಗುವುದುಂಟು.

ಕಾಲವೇ ಗೊಬ್ಬರ

ಸಣ್ಣ ಮೊತ್ತ ದೊಡ್ಡದಾಗುವುದು ಚಕ್ರಬಡ್ಡಿಯಿಂದ. ಬಡ್ಡಿಯೂ ಅಸಲಿಗೆ ಸೇರಿ ಅದಕ್ಕೂ ಬಡ್ಡಿ ಬರುವುದೇ ಚಕ್ರಬಡ್ಡಿ. ಹಣ ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ ಎಂದು ತಿಳಿಯಲು ಸುಲಭದ ಸೂತ್ರವೊಂದಿದೆ. 72ನ್ನು ಬಡ್ಡಿದರದಿಂದ ಭಾಗಿಸಿದರೆ ಸಾಕು. ಶೇ. 6 ಆದರೆ 12 ವರ್ಷ, ಶೇ. 8 ಆದರೆ 9 ವರ್ಷ. ಇದೇ ಸೂತ್ರ ಬೆಲೆಯೇರಿಕೆಗೂ ಅನ್ವಯಿಸುತ್ತದೆ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಪೆಟ್ಟಿಗೆಯಲ್ಲಿಟ್ಟ ನೋಟಿನ ಬೆಲೆ 12 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮನೆಯಲ್ಲಿಟ್ಟ ಹಣ ಕಳ್ಳನ ಕೈಗೆ ಸಿಗದಿದ್ದರೂ ಸವೆಯುತ್ತಲೇ ಇರುತ್ತದೆ.

ತಿಂಗಳಿಗೆ 1,000 ರೂಪಾಯಿಯನ್ನು ಶೇ. 8ರ ದರದಲ್ಲಿ, ಬಡ್ಡಿ ತಿಂಗಳಿಗೊಮ್ಮೆ ಅಸಲಿಗೆ ಸೇರುವಂತೆ ಹೂಡಿದರೆ 10 ವರ್ಷಗಳಲ್ಲಿ ಕಟ್ಟಿದ್ದು 1,20,000, ಕೈಗೆ ಬರುವುದು ಸುಮಾರು 1,83,000. ಅದನ್ನೇ 20 ವರ್ಷ ಮುಂದುವರಿಸಿದರೆ ಕಟ್ಟಿದ್ದು 2,40,000, ಬರುವುದು ಸುಮಾರು 5,89,000. ಅವಧಿ ಎರಡು ಪಟ್ಟಾದಾಗ ಮೊತ್ತ ಮೂರು ಪಟ್ಟಿಗೂ ಮಿಕ್ಕಿತು. ಆದ್ದರಿಂದ ಹೆಚ್ಚು ಬಡ್ಡಿ ಹುಡುಕುತ್ತಾ ಕಾಲ ಕಳೆಯುವುದಕ್ಕಿಂತ ಬೇಗ ಆರಂಭಿಸುವುದು ಮೇಲು.

ಹಣ ಯಾರ ಕೈಯಲ್ಲಿ?

ಅಂಚೆ ಕಚೇರಿಯ ಉಳಿತಾಯಕ್ಕೆ ಕೇಂದ್ರ ಸರ್ಕಾರವೇ ಹೊಣೆ. ಐದು ವರ್ಷಗಳ ಆವರ್ತ ಠೇವಣಿಗೆ ತಿಂಗಳಿಗೆ 100 ರೂಪಾಯಿಯಿಂದ ಕಟ್ಟಬಹುದು. ಹೊಸ ಖಾತೆಗಳ ಬಡ್ಡಿದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. ಶೇ. 6.7ರ ದರದಲ್ಲಿ ತಿಂಗಳಿಗೆ 500 ರೂಪಾಯಿ ಕಟ್ಟಿದವನಿಗೆ ಐದು ವರ್ಷದ ಕೊನೆಗೆ 30,000ಕ್ಕೆ ಬದಲಾಗಿ ಸುಮಾರು 35,700 ರೂಪಾಯಿ ಸಿಗುತ್ತದೆ. 1968ರಿಂದಿರುವ ಸಾರ್ವಜನಿಕ ಭವಿಷ್ಯನಿಧಿ, ಹೆಣ್ಣುಮಕ್ಕಳಿಗಾಗಿ 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಇವು ದೀರ್ಘಾವಧಿಯವು.

ಬ್ಯಾಂಕ್ ಠೇವಣಿಗೆ ಇರುವ ರಕ್ಷಣೆ ಬೇರೆ ಬಗೆಯದು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿ ಠೇವಣಿದಾರರು ಬೀದಿಗೆ ಬಿದ್ದ ಮೇಲೆ ದೇಶದಲ್ಲಿ ಠೇವಣಿ ವಿಮೆಯ ಕಾಯಿದೆ ಬಂತು. 1962ರಲ್ಲಿ ವಿಮೆಯ ಮಿತಿ 1,500 ರೂಪಾಯಿ. 1993ರಲ್ಲಿ ಅದು 1 ಲಕ್ಷಕ್ಕೆ, 2020ರ ಫೆಬ್ರವರಿಯಲ್ಲಿ 5 ಲಕ್ಷಕ್ಕೆ ಏರಿತು. ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನ ಎಲ್ಲ ಶಾಖೆಗಳಲ್ಲಿರುವ ಅಸಲು, ಬಡ್ಡಿ ಎಲ್ಲ ಸೇರಿ ಈ ಮಿತಿ. ಪಟ್ಟಣ ಸಹಕಾರಿ ಬ್ಯಾಂಕುಗಳು ಮತ್ತು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳೂ ಈ ವಿಮೆಯೊಳಗೆ ಬರುತ್ತವೆ.

ಆದರೆ ಹಳ್ಳಿಗಳಲ್ಲಿ ಹಳಬರು 'ಸಿ.ಎ. ಬ್ಯಾಂಕು' ಎಂದೂ ಉಳಿದವರು 'ಸೊಸೈಟಿ' ಎಂದೂ ಕರೆಯುವ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ಸೌಹಾರ್ದ ಸಹಕಾರಿಗಳು ಮತ್ತು ಇತರ ಪತ್ತಿನ ಸಂಘಗಳ ಠೇವಣಿಗೂ ಇಲ್ಲ. ಬಾಯಿಮಾತಿನಲ್ಲಿ ಬ್ಯಾಂಕು ಎನಿಸಿಕೊಂಡರೂ ಕಾನೂನಿನ ದೃಷ್ಟಿಯಲ್ಲಿ ಅವು ಬ್ಯಾಂಕುಗಳಲ್ಲ. ಈ ವ್ಯತ್ಯಾಸ ಬಹುತೇಕ ಠೇವಣಿದಾರರ ಗಮನಕ್ಕೆ ಬರುವುದೇ ಇಲ್ಲ.

ಇದರರ್ಥ ಸೊಸೈಟಿಯಲ್ಲಿ ಹಣವಿಡಬಾರದು ಎಂದಲ್ಲ. ನೂರು ವರ್ಷಗಳಿಂದ ಈ ಭಾಗದ ಕೃಷಿಗೆ ಬೆನ್ನೆಲುಬಾಗಿರುವುದು ಅವೇ. ವಿಮೆಯ ಬದಲಿಗೆ ಅಲ್ಲಿ ಸದಸ್ಯನಿಗೆ ಬೇರೊಂದು ಅಸ್ತ್ರವಿದೆ, ಅದು ಪ್ರಶ್ನೆ ಕೇಳುವ ಹಕ್ಕು. ಪಾಲು ಎಷ್ಟೇ ಇರಲಿ ಒಬ್ಬನಿಗೆ ಒಂದೇ ಮತ. ವಾರ್ಷಿಕ ಮಹಾಸಭೆಯ ವರದಿ ಪುಸ್ತಕವನ್ನು ಕೈಗೆ ತೆಗೆದುಕೊಂಡಾಗ ಡಿವಿಡೆಂಡ್ ಎಷ್ಟು ಎಂದಷ್ಟೇ ನೋಡಿ ಮಡಚಿಡಬಾರದು. ಸಾಲ ವಸೂಲಾತಿ ಶೇಕಡಾ ಎಷ್ಟು, ಸುಸ್ತಿ ಸಾಲ ಹೋದ ವರ್ಷಕ್ಕಿಂತ ಏರಿದೆಯೇ, ಲೆಕ್ಕಪರಿಶೋಧನೆಯಲ್ಲಿ ಸಂಘಕ್ಕೆ ಯಾವ ತರಗತಿ ಸಿಕ್ಕಿದೆ, ಠೇವಣಿಗೆ ತಕ್ಕ ಮೀಸಲು ನಿಧಿ ಇದೆಯೇ ಎಂಬ ನಾಲ್ಕು ಸಂಗತಿಗಳನ್ನು ನೋಡಬೇಕು. ಸುತ್ತಲಿನ ಎಲ್ಲರಿಗಿಂತ ಬಹಳ ಹೆಚ್ಚು ಬಡ್ಡಿ ಕೊಡುವ ಸಂಘದಲ್ಲಿ ಈ ಪ್ರಶ್ನೆಗಳನ್ನು ಎರಡು ಸಲ ಕೇಳಬೇಕು.

ಒಂದೇ ಕಂಬದ ಮನೆ

ಮೂರನೆಯ ಪ್ರಶ್ನೆಗೆ ಉತ್ತರ ಸುಳ್ಯದ ತೋಟಗಳಲ್ಲೇ ಇದೆ. ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜ ಸುತ್ತಿನ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದೆ. ತಲೆಮಾರುಗಳ ಕಾಲ ಅನ್ನ ಕೊಟ್ಟ ಮರಗಳು ಕಣ್ಣೆದುರೇ ಸೊರಗಿದವು. ಅಂಥ ಮನೆಯ ಆಸ್ತಿ ಎಣಿಸಿದರೆ ತೋಟ ಅಡಿಕೆಯದು, ಅಟ್ಟದಲ್ಲಿರುವುದು ಅಡಿಕೆ, ಠೇವಣಿ ಇರುವುದು ಅಡಿಕೆ ಬೆಳೆಗಾರರಿಗೇ ಸಾಲ ಕೊಟ್ಟ ಸಂಘದಲ್ಲಿ, ಪೇಟೆಯಲ್ಲಿ ಮಗನ ಅಂಗಡಿಯಿದ್ದರೆ ಅದು ನಡೆಯುವುದೂ ಅಡಿಕೆಯ ದುಡ್ಡಿನಿಂದ. ನಾಲ್ಕು ಕಡೆ ಹಣವಿಟ್ಟಂತೆ ಕಂಡರೂ ಎಲ್ಲವೂ ನಿಂತಿರುವುದು ಒಂದೇ ಕಂಬದ ಮೇಲೆ.

ಕೃಷಿಕರಿಗೆ ಇದರ ಪರಿಹಾರ ತೋಟದ ಮಟ್ಟಿಗೆ ಗೊತ್ತಿದೆ. ಅಡಿಕೆ ಮರಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿಸುತ್ತಾರೆ, ನಡುವೆ ಬಾಳೆ, ಕೋಕೋ ಹಾಕುತ್ತಾರೆ, ಗುಡ್ಡದಲ್ಲಿ ಗೇರು, ರಬ್ಬರ್ ಬೆಳೆಸುತ್ತಾರೆ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ ಅವರ ನೇತೃತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ 1973ರ ಜುಲೈ 11ರಂದು ಕ್ಯಾಂಪ್ಕೊ ಕಟ್ಟಿದರು. ಅದೇ ಸಂಸ್ಥೆ ಮುಂದೆ ಕೋಕೋ ಖರೀದಿಗೂ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ತೆರೆಯಿತು. ಅಡಿಕೆಯ ಸಂಸ್ಥೆಯೇ ಅಡಿಕೆಯೊಂದನ್ನೇ ನೆಚ್ಚಿ ಕೂರಲಿಲ್ಲ. ಇದೇ ಬುದ್ಧಿಯನ್ನು ಉಳಿತಾಯಕ್ಕೂ ಬಳಸಿದರೆ, ಅದರ ಒಂದು ಭಾಗವಾದರೂ ಅಡಿಕೆಯ ಏರಿಳಿತ ತಟ್ಟದ ಜಾಗದಲ್ಲಿ ಇರಬೇಕಾಗುತ್ತದೆ. ಅಂಚೆ ಕಚೇರಿ ಅಂಥ ಒಂದು ಜಾಗ, ಷೇರುಪೇಟೆಗೆ ಸೇರಿದ ಮ್ಯೂಚುವಲ್ ಫಂಡ್ ಇನ್ನೊಂದು.

ಷೇರು ಎಂದರೆ ಕಂಪನಿಯಲ್ಲಿ ಒಂದು ಪಾಲು. ಬಹಳ ಜನರ ಸಣ್ಣ ಹಣವನ್ನು ಕೂಡಿಸಿ ಹತ್ತಾರು ಕಂಪನಿಗಳ ಷೇರು ಕೊಳ್ಳುವ ವ್ಯವಸ್ಥೆಯೇ ಮ್ಯೂಚುವಲ್ ಫಂಡ್. ತಿಂಗಳಿಗೆ 500 ರೂಪಾಯಿಯಿಂದಲೂ ಇದನ್ನು ಆರಂಭಿಸಬಹುದು. ಇಲ್ಲಿ ನಿಶ್ಚಿತ ಬಡ್ಡಿ ಎಂಬುದಿಲ್ಲ. 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಮುಂಬೈ ಸಂವೇದಿ ಸೂಚ್ಯಂಕ ಅದೇ ಅಕ್ಟೋಬರ್‌ನಲ್ಲಿ 9 ಸಾವಿರಕ್ಕೂ ಕೆಳಗಿಳಿಯಿತು. 2010ರ ನವೆಂಬರ್‌ನಲ್ಲಿ ಮತ್ತೆ 21 ಸಾವಿರಕ್ಕೆ ಬಂತು. ಮಗಳ ಮದುವೆಗೆಂದು ಆ ಅಕ್ಟೋಬರ್‌ನಲ್ಲಿ ಹಣ ತೆಗೆಯಬೇಕಾದವನು ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡ, ಎರಡು ವರ್ಷ ಕಾಯಲು ಶಕ್ತಿಯಿದ್ದವನು ಉಳಿದುಕೊಂಡ. ಏಳೆಂಟು ವರ್ಷ ಮುಟ್ಟಬೇಕಾಗಿಲ್ಲದ ಹಣಕ್ಕೆ ಮಾತ್ರ ಇದು ತಕ್ಕ ಜಾಗ.

ಸರ್ಕಾರದ ಹೆಸರಿದ್ದ ಮಾತ್ರಕ್ಕೆ ಏರಿಳಿತ ಇಲ್ಲವೆಂದಲ್ಲ. 1964ರಲ್ಲಿ ಯೂನಿಟ್ ಟ್ರಸ್ಟ್ ತಂದ 'ಯು.ಎಸ್. 64' ಯೋಜನೆಯನ್ನು ಮಧ್ಯಮ ವರ್ಗದ ಲಕ್ಷಾಂತರ ಜನ ಬ್ಯಾಂಕ್ ಠೇವಣಿಯಷ್ಟೇ ಭದ್ರ ಎಂದು ನಂಬಿದ್ದರು. 2001ರ ಜುಲೈಯಲ್ಲಿ ಅದರ ಮರುಖರೀದಿಯನ್ನು ದಿಢೀರನೆ ನಿಲ್ಲಿಸಿದಾಗ, ತಾವು ಇಟ್ಟದ್ದು ಠೇವಣಿಯಲ್ಲ, ಷೇರುಪೇಟೆಗೆ ಕಟ್ಟಿದ ಹಣ ಎಂಬುದು ಅನೇಕರಿಗೆ ಅರಿವಾಯಿತು.

ಕಾಯಲು ಬಲ್ಲವರ ಆತುರ

ಅಡಿಕೆ ಗಿಡಕ್ಕೆ ವರ್ಷಗಟ್ಟಲೆ ಕಾಯುವ ಜನರೇ ಒಂದು ವರ್ಷದಲ್ಲಿ ಹಣ ಇಮ್ಮಡಿ ಎಂಬ ಮಾತಿಗೆ ಮರುಳಾಗುವುದು ವಿಚಿತ್ರ. 1990ರ ದಶಕದಲ್ಲಿ ದೇಶದಾದ್ಯಂತ ತೇಗದ ತೋಟದ ಕಂಪನಿಗಳು ಹುಟ್ಟಿಕೊಂಡವು. ಕೆಲವು ಸಾವಿರ ರೂಪಾಯಿ ಕಟ್ಟಿದರೆ ಇಪ್ಪತ್ತು ವರ್ಷಕ್ಕೆ ಲಕ್ಷಗಟ್ಟಲೆ ಎಂಬ ಜಾಹೀರಾತುಗಳು ಪತ್ರಿಕೆಗಳ ತುಂಬ ಬಂದವು. ಅವುಗಳಲ್ಲಿ ಬಹುಪಾಲು ಮುಚ್ಚಿದವು ಅಥವಾ ಕಣ್ಮರೆಯಾದವು. ಷೇರುಪೇಟೆ ನಿಯಂತ್ರಣ ಮಂಡಳಿಯಾದ ಸೆಬಿ 1999ರಲ್ಲಿ ಇಂಥ ಸಾಮೂಹಿಕ ಹೂಡಿಕೆ ಯೋಜನೆಗಳಿಗೆ ನಿಯಮ ತಂದಿತು. ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ ಕೇಂದ್ರ ಕಾಯಿದೆ ಬಂದದ್ದು 2019ರಲ್ಲಿ.

ತೇಗ ಹೋಗಿ ಈಗ ಮೊಬೈಲಿನ ಆ್ಯಪ್ ಬಂದಿರಬಹುದು, ವಂಚನೆಯ ಲಕ್ಷಣ ಬದಲಾಗಿಲ್ಲ. ಎಲ್ಲೆಡೆ ಶೇ. 7 ಇರುವಾಗ ಶೇ. 24 ಕೊಡುವವನು ಆ ಹಣವನ್ನು ಎಲ್ಲಿ ದುಡಿಯುತ್ತಾನೆ ಎಂದು ಕೇಳಬೇಕು. ಹೊಸಬರನ್ನು ಸೇರಿಸಿದರೆ ಕಮಿಷನ್ ಎಂದರೆ ಹಳಬರಿಗೆ ಕೊಡುತ್ತಿರುವುದು ಹೊಸಬರ ಹಣ ಎಂದೇ ತಿಳಿಯಬೇಕು. ಚೀಟಿ ಕಟ್ಟುವುದಾದರೂ 1982ರ ಚಿಟ್ ಫಂಡ್ ಕಾಯಿದೆಯಡಿ ನೋಂದಣಿಯಾಗಿದೆಯೇ ಎಂದು ನೋಡಬೇಕು. ಸಂಬಂಧಿಕರೇ ಬಂದು ಹೇಳಿದರು ಎಂಬುದು ಭದ್ರತೆಯಲ್ಲ, ಏಕೆಂದರೆ ಇಂಥ ಯೋಜನೆಗಳು ಹರಡುವುದೇ ಸಂಬಂಧಗಳ ಮೂಲಕ.

ಎಲ್ಲಿಂದ ಆರಂಭಿಸುವುದು?

ದಿನಕ್ಕೆ 50 ರೂಪಾಯಿ ಉಳಿಸಬಲ್ಲ ಮನೆಯೊಂದಿದೆ ಎನ್ನೋಣ. ತಿಂಗಳಿಗೆ 1,500 ರೂಪಾಯಿ. ದುಬಾರಿ ಸಾಲವಿದ್ದರೆ ಅದು ತೀರುವವರೆಗೆ ಪೂರ್ತಿ ಹಣ ಅದಕ್ಕೇ ಹೋಗಲಿ. ಆಮೇಲೆ ಮೂರು ತಿಂಗಳ ಖರ್ಚು ಕೂಡುವವರೆಗೆ ಉಳಿತಾಯ ಖಾತೆಗೆ. ಅದಾದ ಮೇಲೆ ಮೂರು ಪಾಲು ಮಾಡಬಹುದು. 500 ರೂಪಾಯಿ ಅಂಚೆ ಕಚೇರಿಯ ಆವರ್ತ ಠೇವಣಿಗೆ, 500 ಊರಿನ ಸಂಘದಲ್ಲಿ ಅಥವಾ ಬ್ಯಾಂಕಿನಲ್ಲಿ, ಇನ್ನು 500 ಹತ್ತು ವರ್ಷ ಮುಟ್ಟದ ಹಣವಾಗಿ ಕಡಿಮೆ ವೆಚ್ಚದ ಸೂಚ್ಯಂಕ ಫಂಡಿಗೆ. ಕಾಯುವ ಧೈರ್ಯವಿಲ್ಲದವರು ಕೊನೆಯ ಪಾಲನ್ನು ಭವಿಷ್ಯನಿಧಿಗೆ ಹಾಕಿದರೂ ತಪ್ಪಿಲ್ಲ. ಎಲ್ಲ ಖಾತೆಗಳಿಗೂ ನಾಮನಿರ್ದೇಶನ ಮಾಡಿಸಿ, ಮನೆಯ ಇನ್ನೊಬ್ಬರಿಗಾದರೂ ಖಾತೆಗಳ ವಿವರ ತಿಳಿಸಿರಬೇಕು. ಇಟ್ಟವನು ಹೋದ ಮೇಲೆ ಯಾರೂ ಕೇಳದೆ ಉಳಿದ ಠೇವಣಿ ಯಾವ ಬ್ಯಾಂಕಿನಲ್ಲಿಲ್ಲ?

ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಪಿಗ್ಮಿಯ ತವರಾದ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ, 38 ರೂಪಾಯಿಯಿಂದ ಆರಂಭವಾದ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಫಲಕಗಳಿಂದ ಆ ಹೆಸರುಗಳು ಮರೆಯಾದರೂ ಪೇಟೆಯ ಅಂಗಡಿಗಳಿಗೆ ಪಿಗ್ಮಿ ಸಂಗ್ರಹಿಸುವವರು ಬರುವುದು ನಿಂತಿಲ್ಲ. ಅವರ ಕೈಗೆ ಹಣ ಕೊಡುವವರು ಆ ದಿನದ ರಶೀದಿಯ ಜೊತೆಗೆ, ಹಣ ಹೋಗಿ ಸೇರುವ ಸಂಸ್ಥೆಯ ಕಳೆದ ವರ್ಷದ ವರದಿಯನ್ನೂ ಒಮ್ಮೆ ಕೇಳಿ ಪಡೆಯುವುದು ಒಳ್ಳೆಯದು.